ಏಳರ ಎಡಕ್ಕೆ ಮೂರು ಸೊನ್ನೆ

ನವೆಂಬರ್ ಮೊದಲ ವಾರದ ಒಂದು ಬೆಳಿಗ್ಗೆ ಮಾಯಮ್ಮ ಎಂಬ ಎಪ್ಪತ್ತು ದಾಟಿದ ಹೆಂಗಸು ಸರಗೂರಿನ ಕಡೆಯಿಂದ ಎರಡು ಬಸ್ಸು ಬದಲಿಸಿ ಹುಣಸೂರಿಗೆ ಬಂದು, ಮೂರುಹೊಳೆ ನಾಟಿ ಬೀಜ ಸಂಘದ ಮೇಜಿನ ಮೇಲೆ ಸೆರಗಿನಿಂದ ಒಂದು ರಾಗಿ ತೆನೆ ಬಿಚ್ಚಿಟ್ಟರು.

"ಇದು ನನ್ ರಾಗಿ ಅಲ್ಲ ಕಣಪ್ಪ," ಅಂದರು.

ಮೇಜಿನ ಹಿಂದೆ ಕಾರ್ಯದರ್ಶಿ ಪ್ರಭುಸ್ವಾಮಿ ಕೂತಿದ್ದರು. ಪಕ್ಕದ ಮೇಜಿನಲ್ಲಿ ಕಂಪ್ಯೂಟರಿನ ಮುಂದೆ ಮಹೇಶ್ಕುಮಾರ್ ಇದ್ದ. ಮಾಯಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವನು ಕಿವಿಗೆ ಹಾಕಿಕೊಂಡಿದ್ದ ಇಯರ್‌ಫೋನ್ ತೆಗೆದ.

"ನಾನ್ ನಿಮ್ಗೆ ಕೊಟ್ಟಿದ್ದು ಉಂಡೆ ರಾಗಿ. ತೆನೆ ಮುಷ್ಟಿ ಇಡ್ದಂಗಿರ್ತದೆ. ಓದೊರ್ಸ ನನ್ ಒಲಕ್ಕೆ ಆನೆ ನುಗ್ಗಿ ಬಿತ್ತನೆಗೂ ಒಂದ್ ಕಾಳು ಉಳೀಲಿಲ್ಲ. ನಿಮ್ತಾವ ಅದೆಯಲ್ಲ ಅಂತ ಧೈರ್ಯವಾಗಿದ್ದೆ. ಜೂನ್ ತಿಂಗ್ಳಲ್ಲಿ ಬಂದು ಇಸ್ಕಂಡೋದೆ. ಈಗ ನೋಡು, ಬೆರಳು ಬಿಚ್ಕಂಡು ನಿಂತದೆ."

ಪ್ರಭುಸ್ವಾಮಿಯವರು ಕನ್ನಡಕ ಒರೆಸಿಕೊಂಡು ಪಟ್ಟಿ ತೆಗೆದರು. ಹಾಳೆ ಮಗುಚುವ ಸದ್ದು ಬಹಳ ಹೊತ್ತು ಕೇಳಿಸಿತು. ಕೊನೆಗೆ ಅವರು ಎದ್ದು ಒಳಗಿನ ಕೋಣೆಗೆ ಹೋಗಿ ಎರಡು ಡಬ್ಬಿ ತಂದಿಟ್ಟರು. ಮಾಯಮ್ಮನ ರಾಗಿ ಇದ್ದದ್ದು ನೂರ ನಲವತ್ತಮೂರನೇ ಡಬ್ಬಿಯಲ್ಲಿ. ಪ್ರಭುಸ್ವಾಮಿ ಜೂನಿನಲ್ಲಿ ತೆಗೆದುಕೊಟ್ಟದ್ದು ಸಾವಿರದ ನೂರ ನಲವತ್ತಮೂರನೇ ಡಬ್ಬಿಯದು. ಪಟ್ಟಿಯಲ್ಲಿ ಎರಡೂ ಒಂದರ ಕೆಳಗೊಂದು ಇದ್ದವು.

"ನೀನ್ ತೆಗೆಯೋ ಪಟ್ಟಿ ಕಣ್ಣಿಗೇ ನಿಲ್ಲಾಕಿಲ್ಲ ಕಣಯ್ಯ ಮಹೇಶ," ಅಂದರು ಪ್ರಭುಸ್ವಾಮಿ. "ಒಂದಂಕಿ ಇಲ್ಲಿ, ಒಂದಂಕಿ ಅಲ್ಲಿ. ಅಡ್ಡಾದಿಡ್ಡಿ. ಬೆರಳಿಟ್ಟು ಓದಿದ್ರೂ ಜಾರೋಗ್ತದೆ."

ಮಹೇಶ್ಕುಮಾರ್ ಇಯರ್‌ಫೋನಿನ ತಂತಿ ಸುತ್ತಿಟ್ಟ. ಆ ಪಟ್ಟಿಯನ್ನು ಅವನು ನೂರಾರು ಸಲ ಕೇಳಿದ್ದ. ಅದರಲ್ಲಿ ಒಂದು ತಪ್ಪೂ ಇರಲಿಲ್ಲ.

ಅವನಿಗೆ ಮೂವತ್ತನಾಲ್ಕು ವರ್ಷ. ಕೆ.ಆರ್. ನಗರದ ಹತ್ತಿರದ ನಾಲೆ ಬಯಲಿನ ಹಳ್ಳಿಯವನು. ಹನ್ನೊಂದನೇ ವಯಸ್ಸಿನಲ್ಲಿ ಮೆದುಳು ಜ್ವರ ಬಂದು ಎರಡೂ ಕಣ್ಣು ಹೋದವು. ಮೈಸೂರಿನಲ್ಲಿ ಅಂಧರ ಶಾಲೆಯ ಹಾಸ್ಟೆಲಿನಲ್ಲಿ ಓದಿ, ಬಿ.ಎ. ಮುಗಿಸಿ, ಅಲ್ಲೇ ಒಂದು ತರಬೇತಿಯಲ್ಲಿ ಕಂಪ್ಯೂಟರ್ ಕಲಿತ. ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಇದ್ದರೆ ಅವನಿಗೆ ಬೇರೇನೂ ಬೇಕಿರಲಿಲ್ಲ. ಬೀಜ ಸಂಘಕ್ಕೆ ಬಂದು ಮೂರು ವರ್ಷವಾಗಿತ್ತು. ಸುತ್ತಿನ ನಾಲ್ಕು ತಾಲ್ಲೂಕಿನ ರೈತರು ತಮ್ಮ ಹಳೆಯ ತಳಿಗಳ ಬೀಜವನ್ನು ಇಲ್ಲಿ ತಂದಿಡುತ್ತಿದ್ದರು: ರಾಜಮುಡಿ, ರತ್ನಚೂಡಿ, ಗಂಧಸಾಲೆ ಭತ್ತ, ಬಗೆಬಗೆಯ ರಾಗಿ, ಅವರೆ, ಹುರುಳಿ. ಬೇಕಾದವರು ಒಯ್ದು ಬಿತ್ತಿ, ಬೆಳೆದ ಮೇಲೆ ಹೊಸ ಬೀಜ ತಂದು ಡಬ್ಬಿ ತುಂಬುವುದು. ಸಾವಿರದ ನಾನೂರು ಡಬ್ಬಿಗಳಿದ್ದವು. ಯಾವ ಡಬ್ಬಿಯಲ್ಲಿ ಯಾರು ಕೊಟ್ಟ ಯಾವ ಬೀಜ ಇದೆ, ಯಾವ ವರ್ಷದ್ದು ಎಂಬುದನ್ನು ಊರುವಾರು, ಬೆಳೆವಾರು ಪಟ್ಟಿ ಮಾಡಿ ಅಚ್ಚು ಹಾಕುವ ಪ್ರೋಗ್ರಾಮನ್ನು ಮಹೇಶ್ಕುಮಾರ್ ತಾನೇ ಬರೆದಿದ್ದ.

ಪ್ರಭುಸ್ವಾಮಿಯವರು ಮಾಯಮ್ಮನಿಗೆ ಕಾಫಿ ತರಿಸಿದರು. ಅವರು ಕುಡಿದು, ಮುಂದಿನ ಜೂನಿಗೆ ತಪ್ಪದೆ ಸರಿಯಾದ್ದನ್ನು ಕೊಡಬೇಕೆಂದು ಹೇಳಿ ಎದ್ದರು. ಹೋಗುವಾಗ ಮಹೇಶನ ಕೈಗೆ ತೆನೆ ಕೊಟ್ಟು, "ನೀನೂ ಮುಟ್ಟಿ ನೋಡಪ್ಪ, ಎಂಗದೆ ಅಂತ," ಅಂದರು. ತೆನೆಯ ಬೆರಳುಗಳು ನಿಜಕ್ಕೂ ಬಿಚ್ಚಿಕೊಂಡಿದ್ದವು. ಒಂದು ವರ್ಷದ ಬೆಳೆ. ಅವನಿಗೆ ಆ ದಿನ ಮಧ್ಯಾಹ್ನದ ಊಟ ಸೇರಲಿಲ್ಲ.

ಊಟದ ಹೊತ್ತಿಗೆ ಅವನ ಮೇಜಿನ ಬಳಿ ಬಂದು ನಿಂತವಳು ಸೌಂದರ್ಯ. ಡಬ್ಬಿಗಳಿಗೆ ಚೀಟಿ ಅಂಟಿಸಿ, ಬೀಜ ಒಣಗಿಸಿ, ಹುಳ ಬೀಳದಂತೆ ನೋಡಿಕೊಳ್ಳುವ ಕೆಲಸಕ್ಕೆ ಅವಳು ಆಗಸ್ಟಿನಲ್ಲಿ ಸೇರಿದ್ದಳು. ಇಪ್ಪತ್ತೊಂಬತ್ತು ವರ್ಷ. ದಿನವೂ ಹ್ಯಾಂಡ್‌ಪೋಸ್ಟ್ ಎಂಬ ಊರಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಈ ಮೂರು ತಿಂಗಳಲ್ಲಿ ಇಬ್ಬರ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತು ನಡೆದಿರಲಿಲ್ಲ.

"ಸಾರ್, ಪ್ರಭುಸ್ವಾಮಿ ಸಾರ್ ಏಳಿದ್ದು ನಿಮ್ಗೆ ಅರ್ಥ ಆಯ್ತಾ? ಪಟ್ಟಿ ಅಡ್ಡಾದಿಡ್ಡಿ ಅಂದ್ರಲ್ಲ, ಅದು."

"ಇಲ್ಲ," ಅಂದ ಮಹೇಶ. ಅದನ್ನು ಯಾರಾದರೂ ಕೇಳಲಿ ಎಂದು ಬೆಳಿಗ್ಗೆಯಿಂದ ಕಾಯುತ್ತಿದ್ದೆನೆಂದು ಆಗ ಅವನಿಗೇ ತಿಳಿಯಿತು. "ಅಂಕಿ ಸರಿ ಇದೆ, ಹೆಸರು ಸರಿ ಇದೆ. ಇನ್ನೇನು ಅಡ್ಡಾದಿಡ್ಡಿ?"

"ಒಂದ್ ನಿಮ್ಷ ಇರಿ."

ಅವಳು ಒಳಗಿನಿಂದ ಅವರೆ ಬೀಜದ ತಟ್ಟೆ, ಪೊರಕೆಯಿಂದ ಮುರಿದ ನಾಲ್ಕು ಕಡ್ಡಿ ತಂದಳು. ಮೇಜಿನ ಮೇಲೆ ಏನೋ ಜೋಡಿಸುವ ಟಕಟಕ ಸದ್ದು ಕೇಳಿತು.

"ಈಗ ಕೈ ಇಡಿ. ಒಂದಂಕಿಗೆ ಒಂದು ಬೀಜ. ಮೇಲಿನ ಸಾಲು ಏಳು, ಒಂದೇ ಅಂಕಿ, ಒಂದೇ ಬೀಜ. ಅದ್ರ ಕೆಳಗೆ ಸಾವ್ರದ ನೂರ ನಲವತ್ಮೂರು, ನಾಲ್ಕ್ ಬೀಜ. ಆಮೇಲೆ ನೂರ ನಲವತ್ಮೂರು. ಆಮೇಲೆ ಇಪ್ಪತ್ತಾರು. ಅಂಕಿ ಮುಗಿದ ಕಡೆ ಕಡ್ಡಿ ಇಟ್ಟಿದೀನಿ. ಕಡ್ಡಿ ಅಂದ್ರೆ ರೈತರ ಹೆಸರು."

ಮಹೇಶ ಬೆರಳಾಡಿಸಿದ. ಮೊದಲ ಕಡ್ಡಿ ಎಡಕ್ಕೇ ಶುರುವಾಗಿತ್ತು. ಎರಡನೆಯದು ಎಲ್ಲೋ ದೂರದಲ್ಲಿ. ಮೂರನೆಯದು ಮತ್ತೆ ಒಳಕ್ಕೆ, ನಾಲ್ಕನೆಯದು ಇನ್ನೂ ಒಳಕ್ಕೆ. ಅವನು ಮೇಲಿಂದ ಕೆಳಕ್ಕೆ ಮೂರು ನಾಲ್ಕು ಸಲ ಸವರಿದ.

"ಆಡು ಮೇಯ್ದ ಬೇಲಿ ತರ ಇದೆ," ಅಂದ.

"ಅದೇ. ಕಣ್ಣು ಇದ್ರ ಮೇಲೆ ಇಳಿವಾಗ ಜಾರ್ತದೆ. ಪಾಪ, ಪ್ರಭುಸ್ವಾಮಿ ಸಾರ್ದೂ ತಪ್ಪಿಲ್ಲ. ನಿಮ್ದೂ ಇಲ್ಲ."

ಹನ್ನೊಂದು ವರ್ಷ ಕಣ್ಣಿದ್ದವನು ಅವನು. ಅಂಕಿಗಳ ಆಕಾರ ಅವನಿಗೆ ನೆನಪಿತ್ತು. ಎಂಟನ್ನು ಸ್ಲೇಟಿನ ಮೇಲೆ ಎರಡು ಸೊನ್ನೆ ಕೂಡಿಸಿ ಬರೆದು ಬೈಸಿಕೊಂಡದ್ದೂ ನೆನಪಿತ್ತು. ಆದರೆ ಒಂದರ ಕೆಳಗೊಂದು ಬರೆದ ಅಂಕಿಗಳು ಅಂಚು ಹಿಡಿದು ನಿಲ್ಲಬೇಕು ಎಂಬುದು ಇಪ್ಪತ್ತಮೂರು ವರ್ಷದಲ್ಲಿ ಪೂರ್ತಿ ಮರೆತುಹೋಗಿತ್ತು. ಕಿವಿಗೆ ಅಂಚಿಲ್ಲ. ಅಲ್ಲಿ ಒಂದು ಮುಗಿದ ಮೇಲೆ ಇನ್ನೊಂದು.

ಅಂದು ಸಂಜೆಯೊಳಗೆ ಅವನು ಪ್ರೋಗ್ರಾಮ್ ತಿದ್ದಿದ. ಪ್ರತಿ ಡಬ್ಬಿಯ ಸಂಖ್ಯೆಗೂ ನಾಲ್ಕು ಮನೆ ಕೊಟ್ಟು, ಎಡಗಡೆ ಉಳಿದ ಮನೆಗಳನ್ನು ಖಾಲಿ ಬಿಡುವಂತೆ ಮಾಡಿದ. ಸೌಂದರ್ಯ ಅಚ್ಚಾದ ಹಾಳೆ ನೋಡಿ, ಈಗ ಬೇಲಿ ನೆಟ್ಟಗಾಯಿತು ಅಂದಳು. ಆದರೆ ಮಾರನೆಯ ದಿನ ಬೆಳಿಗ್ಗೆ ಅವಳೇ ಒಂದು ಹರಿದ ಚೀಟಿ ಹಿಡಿದುಕೊಂಡು ಬಂದಳು.

"ಪಟ್ಟಿ ಸರಿ ಓಯ್ತು ಸಾರ್. ಡಬ್ಬಿ ಮೇಲಿನ ಚೀಟಿಗೆ ಏನ್ ಮಾಡೋದು? ಇದನ್ನ ಇಲಿ ಕಡ್ದಿದೆ. ಇಪ್ಪತ್ತಾರು ಅಂತ ಉಳ್ಕೊಂಡಿದೆ. ಬರೀ ಇಪ್ಪತ್ತಾರೋ, ನೂರ ಇಪ್ಪತ್ತಾರೋ, ಸಾವ್ರದ ನೂರ ಇಪ್ಪತ್ತಾರೋ, ಎಂಗೆ ಏಳೋದು?"

ಮಹೇಶ ಚೀಟಿ ಇಸಿದುಕೊಂಡು ಹರಿದ ಅಂಚನ್ನು ಬೆರಳಿನಿಂದ ಸವರಿದ. ಆಮೇಲೆ, "ಖಾಲಿ ಬಿಡಬಾರದಾಗಿತ್ತು," ಅಂದ. "ಸೊನ್ನೆ ತುಂಬಬೇಕು. ಸೊನ್ನೆ ಸೊನ್ನೆ ಎರಡು ಆರು. ಯಾವಾಗಲೂ ನಾಲ್ಕು ಅಂಕಿ. ನಾಲ್ಕಕ್ಕಿಂತ ಕಡಿಮೆ ಕಂಡರೆ ಚೀಟಿ ಹರಿದಿದೆ ಅಂತಲೇ ಅರ್ಥ."

ಅದಕ್ಕೆ ಹೆಚ್ಚು ಕೆಲಸವಿರಲಿಲ್ಲ. ಅಂಕಿಯನ್ನು ಅಚ್ಚಿಗೆ ಕಳಿಸುವ ಸಾಲಿನಲ್ಲಿ ಮನೆ ನಾಲ್ಕು ಎಂದು ಬರೆದಿದ್ದ ಕಡೆ ಆ ನಾಲ್ಕರ ಎಡಕ್ಕೆ ಒಂದು ಸೊನ್ನೆ ಸೇರಿಸಿದರೆ ಮುಗಿಯಿತು, ಒಂದೇ ಕೀಲಿ. ಚೀಟಿಗಳನ್ನೆಲ್ಲ ಹೊಸದಾಗಿ ಅಚ್ಚು ಹಾಕಿ ಅಂಟಿಸಲು ಮಾತ್ರ ಹದಿನೈದು ದಿನ ಹಿಡಿಯಿತು. ಅವನು ಓದಿ ಹೇಳುವುದು, ಅವಳು ಅಂಟಿಸುವುದು. ಹದಿನೈದು ದಿನವೂ ಇಬ್ಬರು ಬೀಜದ ಕೋಣೆಯಲ್ಲಿ ಕೂತರು. ಬೇವಿನೆಲೆ, ಬೂದಿ, ಹಳೆಯ ಭತ್ತದ ವಾಸನೆ. ಸಾವಿರದ ನಾನೂರು ಡಬ್ಬಿ ಮುಗಿಯುವಷ್ಟರಲ್ಲಿ ಅವಳ ಮನೆಯ ವಿಷಯ ಅವನಿಗೆ, ಅವನ ವಿಷಯ ಅವಳಿಗೆ ಗೊತ್ತಾಗಿತ್ತು. ಅವಳ ತಂದೆ ಲಕ್ವ ಹೊಡೆದು ಎಂಟು ವರ್ಷ ಹಾಸಿಗೆ ಹಿಡಿದಿದ್ದರು. ಅಣ್ಣ ಜಮೀನು ನೋಡಿಕೊಂಡ, ಅತ್ತಿಗೆಗೆ ಎರಡು ಚಿಕ್ಕ ಮಕ್ಕಳು. ತಂದೆಯನ್ನು ಎತ್ತಿ ಕೂರಿಸುವುದು, ಮೈ ಒರೆಸುವುದು, ತುತ್ತು ತಿನ್ನಿಸುವುದು ಇವಳ ಪಾಲಿಗೆ ಬಂತು. ಇಪ್ಪತ್ತರಿಂದ ಇಪ್ಪತ್ತೆಂಟರವರೆಗೆ ಅವಳು ಆ ಕೋಣೆಯಲ್ಲಿದ್ದಳು. ಅವರು ತೀರಿಕೊಂಡು ಒಂದು ವರ್ಷವಾಗಿತ್ತು.

ಅವನು ತನ್ನ ಅಣ್ಣನ ಮನೆಯ ವಿಷಯ ಹೇಳಿದ. ತಿಂಗಳಿಗೊಮ್ಮೆ ಅವನು ಹಳ್ಳಿಗೆ ಹೋಗುತ್ತಿದ್ದ. ಅಲ್ಲಿ ಯಾರೂ ಅವನನ್ನು ಕೆಟ್ಟದಾಗಿ ನೋಡುತ್ತಿರಲಿಲ್ಲ. ಆದರೆ ಊಟಕ್ಕೆ ಕೂತಾಗ ಅತ್ತಿಗೆ, "ಅವ್ರಿಗೆ ಇನ್ನೊಂದ್ ಮುದ್ದೆ ಬೇಕಾ ಕೇಳಿ," ಎಂದು ಅಣ್ಣನಿಗೆ ಹೇಳುತ್ತಿದ್ದಳು. ಅಣ್ಣ, "ಸಾಕಂತೆ," ಅನ್ನುತ್ತಿದ್ದ. ಕೇಳಿದ್ದೂ ಇಲ್ಲ, ಇವನು ಹೇಳಿದ್ದೂ ಇಲ್ಲ.

ಸೌಂದರ್ಯ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಆಗ ನೀವು ಬೇಕು ಅನ್ಬೇಕು ಸಾರ್," ಅಂದಳು.

"ಅಷ್ಟರಲ್ಲಿ ಸಾರಿನ ಪಾತ್ರೆ ಮುಂದೆ ಹೋಗಿರುತ್ತೆ."

ಹುಣಸೂರಿನಲ್ಲಿ ಅವನು ಮರಗೆಲಸದ ಹಬೀಬ್ ಸಾಹೇಬರ ಮನೆಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಇದ್ದ. ಅಡುಗೆ, ಬಟ್ಟೆ, ಎಲ್ಲ ತಾನೇ. ಶನಿವಾರ ಮಧ್ಯಾಹ್ನ ಸಂಘದ ಬಾಗಿಲು ಹಾಕಿದರೆ ಸೋಮವಾರ ಬೆಳಿಗ್ಗೆವರೆಗೆ ಅವನ ಜೊತೆ ಮಾತಾಡುವವರು ಯಾರೂ ಇರುತ್ತಿರಲಿಲ್ಲ. ಅದು ಅವನಿಗೆ ಅಭ್ಯಾಸವಾಗಿತ್ತು. ಆ ಹದಿನೈದು ದಿನದ ನಂತರ ಬಂದ ಭಾನುವಾರ ಮಾತ್ರ ಬಹಳ ಉದ್ದ ಅನಿಸಿತು. ಬೆಳಿಗ್ಗೆಯೇ ಅನ್ನ ಮಾಡಿಬಿಟ್ಟ. ಹನ್ನೊಂದು ಗಂಟೆಗೆ ಉಂಡ. ಆಮೇಲೆ ಇನ್ನೇನೂ ಉಳಿದಿರಲಿಲ್ಲ.

ಸೊನ್ನೆಗಳು ಬಂದ ಮೇಲೆ ಸಂಘಕ್ಕೆ ಸಲೀಸಾಯಿತು. ಪ್ರಭುಸ್ವಾಮಿಯವರು ಈಗ ಬೆರಳಿಡದೆ ಓದುತ್ತಿದ್ದರು. "ಚೆನ್ನಾಗಿ ಮಾಡ್ದೆ ಕಣಯ್ಯ," ಎಂದು ಒಮ್ಮೆ ಹೇಳಿದರು. ಮಹೇಶನ ಕಿವಿಯಲ್ಲಿ ಮಾತ್ರ ದಿನವಿಡೀ ಸ್ಕ್ರೀನ್ ರೀಡರಿನ ಮೂಗುದನಿ ಸೊನ್ನೆ ಎಣಿಸುತ್ತಿತ್ತು. ಸೊನ್ನೆ ಸೊನ್ನೆ ಸೊನ್ನೆ ಏಳು. ಸೊನ್ನೆ ಸೊನ್ನೆ ಎರಡು ಆರು. ಮೊದಲು "ಏಳು" ಎಂದು ಮುಗಿಯುತ್ತಿದ್ದ ಅಂಕಿ ಈಗ ನಾಲ್ಕು ಪಟ್ಟು ಉದ್ದವಾಗಿತ್ತು. ಸಾವಿರ ದಾಟದ ಡಬ್ಬಿಗಳೇ ಹೆಚ್ಚು. ಅವನು ದನಿಯ ವೇಗ ಏರಿಸಿಕೊಂಡ. ಅದೂ ಸಾಲದೆ ಸಂಜೆ ಆರರವರೆಗೆ ಕೂರತೊಡಗಿದ. ಅದು ತಪ್ಪು ಎಂದು ಅವನಿಗೆ ತೋಚಲೇ ಇಲ್ಲ. ಜಗತ್ತು ಕಣ್ಣಿದ್ದವರ ಅಳತೆಗೆ ಕತ್ತರಿಸಿದ ಬಟ್ಟೆ; ತಾನು ಅದರಲ್ಲಿ ಹೇಗಾದರೂ ಮೈ ತೂರಿಸಿಕೊಳ್ಳಬೇಕು ಎಂದು ಅವನು ಹಾಸ್ಟೆಲಿನ ದಿನಗಳಲ್ಲೇ ತೀರ್ಮಾನಿಸಿಬಿಟ್ಟಿದ್ದ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಸೌಂದರ್ಯ ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು.

"ಐದ್ ತಿಂಗ್ಳಿಂದ ನೋಡ್ತಿದೀನಿ ಸಾರ್, ಅದ್ರಲ್ಲಿ ಏನ್ ಕೇಳ್ತೀರಾ? ನಾನೊಂದ್ಸಲ ಕೇಳ್ಲಾ?"

ಅವನು ಇಯರ್‌ಫೋನ್ ಕೊಟ್ಟ. ಸ್ವಲ್ಪ ಹೊತ್ತಿನ ಮೇಲೆ ಅವಳು ಅದನ್ನು ತೆಗೆದು, "ಇದು ಕನ್ನಡನಾ?" ಅಂದಳು. ಅವನಿಗೆ ನಗು ಬಂತು. ವೇಗ ತಗ್ಗಿಸಿಕೊಟ್ಟ. ಅವಳು ಮತ್ತೆ ಹಾಕಿಕೊಂಡು ಕೇಳುತ್ತ ಕೂತಳು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಹೊರಗೆ ತಂಬಾಕಿನ ಲಾರಿಯೊಂದು ಹಾರ್ನ್ ಹೊಡೆಯುತ್ತ ಹೋಯಿತು.

"ಕಣ್ಮುಚ್ಕೊಂಡ್ ಕೇಳ್ದೆ," ಅಂದಳು ಕೊನೆಗೆ. "ಬರೀ ಸೊನ್ನೆನೇ ಬತ್ತದಲ್ಲ ಸಾರ್. ಎಸ್ರು ಬರೋ ಒತ್ಗೆ ಅಂಕಿ ಯಾವ್ದು ಅಂತ ಮರ್ತೋಯ್ತದೆ. ದಿನಾ ಇಷ್ಟೊಂದು ಕೇಳ್ತೀರಾ?"

"ಪಟ್ಟಿ ನಿಮಗೆ ಓದೋಕೆ ಬರಬೇಕಲ್ಲ."

"ನಮ್ಗೆ ಸರಿ. ನಿಮ್ಗೆ?"

ಮಹೇಶ ಅವಳ ಕೈಯಿಂದ ಇಯರ್‌ಫೋನ್ ತೆಗೆದುಕೊಂಡ.

"ನಿಮ್ಗೇ ಅಂತ ಒಂದು ಬೇರೆ ತೆಗೆಯಕ್ಕೆ ಬರಲ್ವಾ? ಸೊನ್ನೆ ಇಲ್ದೆ ಇರೋದು."

ಬರುತ್ತಿತ್ತು. ಅದು ತೀರ ಸುಲಭವಾಗಿತ್ತು. ಪ್ರೋಗ್ರಾಮಿನ ಒಳಗೆ ಏಳು ಯಾವಾಗಲೂ ಬರೀ ಏಳೇ ಆಗಿತ್ತು. ಸೊನ್ನೆಗಳು ಹೊರಗೆ ಹೊರಡುವಾಗ ಹಾಕಿಕೊಳ್ಳುವ ಅಂಗಿ, ಅಷ್ಟೆ. ಹಾಳೆಗೆ ಹೋಗುವ ಪಟ್ಟಿಗೆ ಸೊನ್ನೆ ತೊಡಿಸಿ, ಕಿವಿಗೆ ಬರುವ ಪಟ್ಟಿಗೆ ತೊಡಿಸದೆ ಬಿಡಲು ಅರ್ಧ ಗಂಟೆ ಸಾಕಾಯಿತು. ಮುಗಿಸಿ ಅವನು ಕೇಳಿದ. ಏಳು, ಮಾಳಮ್ಮ, ಹುಚ್ಚೆಳ್ಳು. ಇಪ್ಪತ್ತಾರು, ಕೆಂಚಯ್ಯ, ಕೆಂಪು ತೊಗರಿ. ಎಷ್ಟು ಹಗುರವಾಗಿತ್ತೆಂದರೆ ಅವನು ಕೀಲಿಮಣೆಯ ಮೇಲಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಇಷ್ಟು ದಿನ ಇದು ತನ್ನ ಕೈಯಲ್ಲೇ ಇತ್ತು. ಯಾರೂ ಬೇಡ ಅಂದಿರಲಿಲ್ಲ. ತನಗೂ ಒಂದು ಬೇಕು ಎಂದು ಅವನು ಅಂದುಕೊಂಡಿರಲಿಲ್ಲ.

ಆ ಸಂಜೆ ಕೋಣೆಗೆ ನಡೆದು ಹೋಗುವಾಗ, ತಾನು ಸೌಂದರ್ಯಳನ್ನು ಮದುವೆಯಾಗಬೇಕೆಂದು ಬಯಸುತ್ತಿದ್ದೇನೆಂದು ಅವನಿಗೆ ಸ್ಪಷ್ಟವಾಯಿತು.

ಹೇಳಬೇಕು ಹೇಳಬೇಕು ಎನ್ನುತ್ತ ಒಂದು ತಿಂಗಳು ಕಳೆದ. ಫೆಬ್ರವರಿ ಕೊನೆಯಲ್ಲಿ ಒಂದು ದಿನ ಅವಳು ಮೈಸೂರು ಪಾಕ್ ಪೊಟ್ಟಣ ತಂದಳು. ಎರಡು ವರ್ಷದ ಹಿಂದೆ ಬರೆದಿದ್ದ ಗ್ರಾಮ ಆಡಳಿತ ಅಧಿಕಾರಿ ಪರೀಕ್ಷೆಯಲ್ಲಿ ಅವಳ ಹೆಸರು ಬಂದಿತ್ತು. ವಿರಾಜಪೇಟೆಯ ಹತ್ತಿರ ಕೆಲಸ. ಪ್ರಭುಸ್ವಾಮಿಯವರು, "ಕೊಡಗಿನ ಚಳಿ ತಡ್ಕಂತೀಯೇನಮ್ಮ," ಎಂದು ನಗಾಡಿದರು. ಮಹೇಶ ಸಿಹಿ ತಿಂದ, ಸಂತೋಷ ಅಂದ. ಅವಳು ಸಂಘ ಬಿಟ್ಟದ್ದು ಒಂದು ಶುಕ್ರವಾರ. ಆ ದಿನ ಅವನು, ಭಾನುವಾರ ಹ್ಯಾಂಡ್‌ಪೋಸ್ಟಿನ ಕಡೆ ಬರುವುದಿದೆ, ಮನೆಗೆ ಬರಬಹುದೇ ಎಂದು ಕೇಳಿದ.

"ಬನ್ನಿ ಸಾರ್. ಅಮ್ಮನೂ ನಿಮ್ಮನ್ನ ಕೇಳ್ತಾನೇ ಇರ್ತಾರೆ. ಸ್ಟ್ಯಾಂಡ್‌ತಾವ ನಾನೇ ಬತ್ತೀನಿ."

ಆ ದಾರಿಯಲ್ಲಿ ಅವನು ಒಬ್ಬನೇ ಹೋಗಿದ್ದು ಅದೇ ಮೊದಲು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಅದರ ಬಣ್ಣ ತಿಳಿನೀಲಿ ಎಂದು ಹಬೀಬ್ ಸಾಹೇಬರನ್ನು ಎರಡು ಸಲ ಕೇಳಿ ಖಚಿತಮಾಡಿಕೊಂಡಿದ್ದ. ಬಸ್ಸಿನಲ್ಲಿ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೇಳಿ ನೋಡಿದ. ಹೇಗೆ ಹೇಳಿದರೂ ಅರ್ಜಿಯಂತೆ ಕೇಳಿಸುತ್ತಿತ್ತು.

ಹ್ಯಾಂಡ್‌ಪೋಸ್ಟಿನಲ್ಲಿ ಸೌಂದರ್ಯ ಕಾದಿದ್ದಳು. ಅವನು ಅವಳ ಮೊಣಕೈ ಹಿಡಿದು ಜೊತೆಗೆ ನಡೆದ. ಹಾಗೆ ನಡೆಯಬೇಕೆಂದು ಅವಳು ಚೀಟಿ ಅಂಟಿಸುವ ದಿನಗಳಲ್ಲೇ ಅವನಿಂದ ಕೇಳಿ ಕಲಿತಿದ್ದಳು. ಮನೆ ಅರ್ಧ ಮೈಲಿ ದೂರ. ಅವಳ ತಾಯಿ ಜಯಲಕ್ಷ್ಮಮ್ಮ ಜಗಲಿಯ ಮೇಲೆ ಚಾಪೆ ಹಾಸಿ, ತಟ್ಟೆಯನ್ನು ಅವನ ಕೈಗೇ ಕೊಟ್ಟು, "ಎಡಗಡೆ ಚಟ್ನಿ ಅದೆ ಕಣಪ್ಪ, ಖಾರ," ಅಂದರು. ಮಗಳು ಹೇಳಿಕೊಟ್ಟಿರಬೇಕು. ಅಕ್ಕಿರೊಟ್ಟಿ ತಿಂದಾಯಿತು. ಸಂಘದ ವಿಷಯ, ಆನೆ ಹಾವಳಿಯ ವಿಷಯ ಮಾತಾಯಿತು. ಜಯಲಕ್ಷ್ಮಮ್ಮ ಲೋಟ ತೆಗೆದುಕೊಂಡು ಒಳಗೆ ಹೋದರು.

ಮಹೇಶ ತಡಮಾಡಲಿಲ್ಲ.

"ಸೌಂದರ್ಯ ಅವರೆ, ನಾನು ಬಂದಿದ್ದು ಒಂದು ಮಾತು ಕೇಳೋಕೆ. ನಿಮ್ಮನ್ನ ಮದುವೆ ಆಗಬೇಕು ಅಂತ ನನಗೆ ಆಸೆ ಇದೆ. ನೀವು ಇಲ್ಲ ಅಂದರೂ ನನಗೆ ಬೇಜಾರಿಲ್ಲ ಅಂತ ಸುಳ್ಳು ಹೇಳಲ್ಲ. ಆದರೆ ಇಲ್ಲ ಅನ್ನೋದಾದರೆ ನೇರವಾಗಿ ಹೇಳಿ."

ಅಂಗಳದಲ್ಲಿ ಕೋಳಿಯೊಂದು ಮರಿಗಳನ್ನು ಕರೆಯುತ್ತಿತ್ತು. ಸೌಂದರ್ಯಳ ಮುಖ ಹೇಗಿತ್ತೋ ಅವನಿಗೆ ಗೊತ್ತಾಗುವಂತಿರಲಿಲ್ಲ. ಅವನು ತನ್ನ ಕುರುಡುತನವನ್ನು ಅಷ್ಟು ಕಷ್ಟವಾಗಿ ಹೊತ್ತದ್ದು ಬಹಳ ವರ್ಷದ ಮೇಲೆ ಅದೇ ಮೊದಲು.

"ನಿಮ್ ಕಣ್ಣಿನ್ ವಿಷ್ಯಕ್ಕಲ್ಲ ಸಾರ್," ಅಂದಳು. "ಅದ್ನ ಮೊದ್ಲು ಏಳ್ಬುಡ್ತೀನಿ. ನೀವ್ ನಂಬ್ಬೇಕು."

"ನಂಬ್ತೀನಿ."

"ನಾನ್ ಹುಟ್ಟಿದಾಗಿಂದ ಒಂದ್ ದಿನಾನೂ ಒಬ್ಳೇ ಇದ್ದಿಲ್ಲ. ಅಪ್ಪ ಮಲಗಿದ್ ಮೇಲಂತೂ ಎಂಟೊರ್ಸ, ಬಚ್ಚಲಿಗೋದ್ರೂ ಕರೆಯೋರು. ನಾನ್ ಪ್ರೀತಿಯಿಂದ್ಲೇ ಮಾಡ್ದೆ. ಸತ್ತಾಗ ಅತ್ತೆ. ಆದ್ರೆ ಆ ಪರೀಕ್ಷೆಗೆ ಯಾಕ್ ಓದಿದ್ದು ಅಂದ್ರೆ, ಎಲ್ಲಾದ್ರೂ ಒಂದ್ ರೂಮು, ಒಂದ್ ಬೀಗ, ಒಂದೇ ತಟ್ಟೆ. ಅಷ್ಟೇ ಬೇಕಾಗಿತ್ತು ನಂಗೆ. ನಾನು ಯಾರ್ಗೂ ಏನೂ ಮಾಡ್ದೆ ಇರೋ ಒಂದ್ ಭಾನುವಾರ. ಈಗ ಅದು ಸಿಗೋ ಒತ್ತಲ್ಲಿ ಮದ್ವೆ ಅಂದ್ರೆ..." ಅವಳು ನಿಲ್ಲಿಸಿದಳು. "ನಿಮ್ಮನ್ನಂತಲ್ಲ. ಯಾರನ್ನೂ ಆಗಲ್ಲ. ಎಷ್ಟೊರ್ಸ ಅಂತ ನಂಗೇ ಗೊತ್ತಿಲ್ಲ. ಕಾಯಿರಿ ಅನ್ನಕ್ಕೂ ನಂಗೆ ಮನಸ್ ಬರಲ್ಲ."

ಅವನು ತಲೆಯಾಡಿಸಿದ. ಅವಳು ಬಯಸುತ್ತಿದ್ದ ಆ ಒಂದು ಕೋಣೆ, ಒಂದು ಬೀಗ, ಒಂದು ತಟ್ಟೆ ಅವನಲ್ಲಿ ಮೈಸೂರಿನಲ್ಲಿದ್ದಾಗಿನಿಂದಲೇ, ಹತ್ತು ವರ್ಷದಿಂದ ಇದ್ದವು. ಅದರಿಂದ ಹೊರಬರಲೆಂದೇ ಅವನು ಆ ಬೆಳಿಗ್ಗೆ ಬಸ್ಸು ಹತ್ತಿದ್ದ. ಅವಳಿಗೆ ಅದನ್ನು ಹೇಳಿದರೆ ಅವಳ ಸಂತೋಷಕ್ಕೆ ಕಲ್ಲು ಹಾಕಿದಂತಾಗುತ್ತಿತ್ತು.

"ಗ್ಯಾಸ್ ಸ್ಟೌ ಹಚ್ಚೋಕೆ ಬರುತ್ತಾ?" ಎಂದು ಕೇಳಿದ.

"ಇಲ್ಲಿ ಸೌದೆ ಒಲೆ, ಒಂದ್ ಸ್ಟೌ ಇದೆ. ಅತ್ತಿಗೆ ಮುಟ್ಸಲ್ಲ."

"ಒಬ್ಬರೇ ಇದ್ದಾಗ ಕುಕ್ಕರಿನಲ್ಲಿ ಒಂದು ಲೋಟ ಅಕ್ಕಿ ಹೆಚ್ಚು. ಮುಕ್ಕಾಲು ಹಾಕಿ. ಇಲ್ಲದಿದ್ದರೆ ಮೂರು ಹೊತ್ತೂ ಅದೇ ಉಣ್ಣಬೇಕಾಗುತ್ತೆ. ಸಾರು ಮಾತ್ರ ಎರಡು ದಿನಕ್ಕೆ ಮಾಡಿ. ಬೀಗದ ಕೈ ಎರಡು ಮಾಡಿಸಿ, ಒಂದು ಮನೆಯವರ ಹತ್ತಿರ ಇರಲಿ. ಜ್ವರ ಬಂದಾಗ ಬೇಕಾಗುತ್ತೆ."

"ತಡೀರಿ, ಬರ್ಕೊತೀನಿ," ಅಂದಳು ಅವಳು. ಒಳಗಿನಿಂದ ಪುಸ್ತಕ ತಂದಳು. ಅವನು ಹೇಳುತ್ತ ಹೋದ. ಹಾಲಿನವನಿಗೆ ವಾರಕ್ಕೆ ಎಷ್ಟು ದಿನ ಬೇಕೆಂದು ಮೊದಲೇ ಹೇಳುವುದು. ಕೊಡಗಿನ ಮಳೆಗೆ ಬೆಂಕಿಪೊಟ್ಟಣ ಡಬ್ಬಿಯಲ್ಲಿಡುವುದು. ಮೊದಲ ಹದಿನೈದು ದಿನ ಸಂಜೆ ಹೊತ್ತು ಭಯವಾಗುತ್ತದೆ, ಆಗ ರೇಡಿಯೋ ಹಾಕಿಕೊಳ್ಳುವುದು. ಅವನಿಗೆ ಗೊತ್ತಿದ್ದ ಎಲ್ಲವನ್ನೂ ಹೇಳಿದ. ಒಂದೂವರೆ ಪುಟವಾಯಿತಂತೆ.

ಬಸ್ ನಿಲ್ದಾಣದವರೆಗೆ ಅವಳು ಬಂದಳು. ಬಸ್ಸು ಬರುವವರೆಗೆ ಇಬ್ಬರೂ ನೆರಳಿನಲ್ಲಿ ನಿಂತರು. "ಬೇಜಾರಾಯ್ತಾ ಸಾರ್?" ಎಂದು ಅವಳು ಕೇಳಿದಳು. "ಆಯ್ತು," ಅಂದ ಅವನು. ಅವಳು ಅವನ ಅಂಗೈ ಹಿಡಿದು ಒಮ್ಮೆ ಒತ್ತಿ ಬಿಟ್ಟಳು. ಕಂಡಕ್ಟರ್ ಅವನನ್ನು ಕೂರಿಸಿ, ಅವನನ್ನು ಬಿಟ್ಟು ಅವಳನ್ನು ಕೇಳಿದ: "ಇವ್ರು ಎಲ್ಲಿಳೀಬೇಕು?" "ಅವ್ರನ್ನೇ ಕೇಳಿ, ಏಳ್ತಾರೆ," ಅಂದಳು ಸೌಂದರ್ಯ ಕಿಟಕಿಯ ಹೊರಗಿನಿಂದ. ಬಸ್ಸು ಹೊರಟಿತು.

ವಿರಾಜಪೇಟೆಯಿಂದ ಮೊದಮೊದಲು ವಾರಕ್ಕೆರಡು ಸಲ ಫೋನ್ ಬರುತ್ತಿತ್ತು. ಸ್ಟೌ ಹತ್ತುತ್ತಿಲ್ಲ, ಸಾರು ಹುಳಿಯಾಗಿದೆ, ಚಳಿಗೆ ಎಣ್ಣೆ ಗಟ್ಟಿಯಾಗಿದೆ. ಅವನು ಹೇಳಿಕೊಡುತ್ತಿದ್ದ. ಏಪ್ರಿಲಿನ ಒಂದು ಭಾನುವಾರ ಸಂಜೆ ಫೋನ್ ಮಾಡಿ, "ಸಾರ್, ನೆನ್ನೆ ಮಧ್ಯಾಹ್ನದಿಂದ ಯಾರತ್ರನೂ ಒಂದ್ ಮಾತೂ ಆಡಿಲ್ಲ. ಇಷ್ಟು ಚೆನ್ನಾಗಿರ್ತದೆ ಅಂತ ಗೊತ್ತೇ ಇರ್ಲಿಲ್ಲ," ಅಂದಳು. ಅವಳ ದನಿಯಲ್ಲಿದ್ದ ನೆಮ್ಮದಿ ಅವನಿಗೆ ಕೇಳಿಸಿತು. ಒಳ್ಳೆಯದಾಯಿತು ಅಂದ, ಹಾಗೆಂದು ಮನಸ್ಸಿನಲ್ಲೂ ಅನಿಸಿತು. ಅವನೂ ಆ ಹೊತ್ತಿನವರೆಗೆ ಯಾರ ಹತ್ತಿರವೂ ಮಾತಾಡಿರಲಿಲ್ಲ. ಅದನ್ನು ಹೇಳಲಿಲ್ಲ.

ಮಳೆಗಾಲದ ಹೊತ್ತಿಗೆ ಫೋನ್ ತಿಂಗಳಿಗೊಂದಾಯಿತು. ಅವಳಿಗೆ ಈಗ ಕೇಳುವುದು ಏನೂ ಉಳಿದಿರಲಿಲ್ಲ. ಅವನಿಗೆ ಅವಳ ಮೇಲೆ ಕೋಪ ಬರಲಿಲ್ಲ. ಆದರೆ ಭಾನುವಾರಗಳನ್ನು ಕೋಣೆಯೊಳಗೆ ಕಳೆಯಲು ಮೊದಲಿನಂತೆ ಆಗುತ್ತಿರಲಿಲ್ಲ. ಊಟವಾದ ಮೇಲೆ ಕೋಲು ಹಿಡಿದು ಹೊರಡುತ್ತಿದ್ದ. ಅಂಗಡಿ ಬೀದಿ ದಾಟಿ, ಲಕ್ಷ್ಮಣತೀರ್ಥದ ಸೇತುವೆಯ ಕಟ್ಟೆಗೆ ಒರಗಿ ನಿಲ್ಲುತ್ತಿದ್ದ. ಜುಲೈನಲ್ಲಿ ಹೊಳೆ ತುಂಬಿ ಬಂತು. ನೀರು ಕಂಬಗಳಿಗೆ ಬಡಿದು ಒಡೆಯುವುದು, ಮತ್ತೆ ಕೂಡಿಕೊಂಡು ಮುಂದೆ ಹೋ‌ಗುವುದು ಅಲ್ಲಿಂದ ಚೆನ್ನಾಗಿ ಕೇಳುತ್ತಿತ್ತು. ಹಿಂದಿನಿಂದ ಕೊಡಗಿನ ಬಸ್ಸುಗಳು ಹೋಗುತ್ತಿದ್ದವು.

ಒಮ್ಮೆ ದಾರಿಹೋಕರೊಬ್ಬರು ಅವನ ಹತ್ತಿರ ಬಂದು, "ರಸ್ತೆ ದಾಟಿಸ್ಬೇಕೇನಪ್ಪ?" ಎಂದು ಕೇಳಿದರು.

"ಇಲ್ಲ," ಅಂದ ಮಹೇಶ್ಕುಮಾರ್. "ಸುಮ್ನೆ ನಿಂತಿದೀನಿ."

ಅವರು ಸ್ವಲ್ಪ ಹೊತ್ತು ಪಕ್ಕದಲ್ಲೇ ನಿಂತಿದ್ದು, ನೀರು ಈ ವರ್ಷ ಜೋರಾಗಿದೆ ಎಂದು ಹೇಳಿ ಮುಂದೆ ನಡೆದರು.